ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರು

ನಮ್ಮ ಸಂಘದ ಯಾವುದೇ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನಿಂತರೆ ಸಾಕು, ಕರ್ನಾಟಕದ ಭೂಪಟವೇ ಕಣ್ಣ ಮುಂದೆ ಬರುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ ತಂದವರನ್ನು ಮೈಸೂರು ಕಡೆಯವರು ಖಾರದ ಜನ, ಒರಟು ಮಾತಿನವರು ಎಂದು ಛೇಡಿಸುತ್ತಾರೆ. ಬಿಸಿಬೇಳೆ ಭಾತ್ ತಂದವರನ್ನು ಹುಬ್ಬಳ್ಳಿ-ಧಾರವಾಡದವರು ಮಾತಿನಲ್ಲಿ ಬೆಣ್ಣೆ, ಕೈ ಮಾತ್ರ ಬಿಗಿ ಎಂದು ತಿರುಗಿಸಿ ಅನ್ನುತ್ತಾರೆ. ಮಂಗಳೂರಿನವರು ಪುಸ್ತಕದಿಂದ ಎದ್ದು ಬಂದ ಹಾಗೆ ಮಾತಾಡುತ್ತಾರೆಂದು ಇಬ್ಬರೂ ಸೇರಿ ನಗುತ್ತಾರೆ. ನಕ್ಕು ಮುಗಿದ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೇವೆ. ಇದು ಮನೆಯವರ ಹಾಸ್ಯ, ಬೇಸರಪಡುವಂಥದ್ದೇನೂ ಇಲ್ಲ. ಆದರೆ ಇಂಥ ಮಾತುಗಳೇ ಒಂದು ಕಾಲದಲ್ಲಿ ಕನ್ನಡ ನಾಡು ಒಂದಾಗುವುದಕ್ಕೆ ಅಡ್ಡ ನಿಂತಿದ್ದವು ಎಂಬುದನ್ನು ನಾವು ಮರೆತಿದ್ದೇವೆ. ಆ ಅಡ್ಡಿಯನ್ನು ಸರಿಸಲು ಅರ್ಧ ಶತಮಾನ ದುಡಿದ ಹಿರಿಯರೊಬ್ಬರನ್ನು ಸಂಘದ ಸಂಸ್ಥಾಪನಾ ದಿನದ ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ನಮಗೆ ತೋರಿತು.

ವೃತ್ತಿಯಿಂದ ನಾವು ವೈದ್ಯರು. ಇತಿಹಾಸ ನಮ್ಮ ಕ್ಷೇತ್ರವಲ್ಲ. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕೆಗೆ ಬಂದು ರೆಸಿಡೆನ್ಸಿಗೆ ಸೇರಿದ ಮೊದಲ ಚಳಿಗಾಲದಲ್ಲಿ ನಡೆದ ಎರಡು ಸಣ್ಣ ಸಂಗತಿಗಳು ನಮ್ಮನ್ನು ಈ ಕಡೆಗೆ ತಿರುಗಿಸಿದವು. ಒಂದು ರಾತ್ರಿ ಎದೆನೋವೆಂದು ಬಂದ ತಮಿಳು ಅಜ್ಜಿಯೊಬ್ಬರ ಹತ್ತಿರ ಮಾತಾಡಲು ಉತ್ತರ ಭಾರತದ ಸಹೋದ್ಯೋಗಿಯೊಬ್ಬರು ನಮ್ಮನ್ನು ಕರೆದೊಯ್ದರು. ನಾವು ಮದ್ರಾಸಿಗಳಾದ್ದರಿಂದ ತಮಿಳು ಬಂದೇ ಬರುತ್ತದೆಂದು ಅವರ ನಂಬಿಕೆ. ಅಜ್ಜಿ ಆಸೆಯಿಂದ ನಮ್ಮ ಮುಖ ನೋಡಿದರು. ನಾವು ಮೂಕರಂತೆ ನಿಂತೆವು. ಕೊನೆಗೆ ದೂರವಾಣಿಯಲ್ಲಿ ದುಭಾಷಿಯನ್ನು ಹಿಡಿಯಬೇಕಾಯಿತು. ಆ ಸಹೋದ್ಯೋಗಿಯ ಅಜ್ಞಾನದ ಬಗ್ಗೆ ವಾರಗಟ್ಟಲೆ ಆಡಿಕೊಂಡೆವು.

ಎರಡನೆಯ ಸಂಗತಿ ನಮ್ಮದೇ ತಪ್ಪು. ಯಕೃತ್ತಿನ ತೊಂದರೆಯಿಂದ ಬಂದ ಪಂಜಾಬಿ ವೃದ್ಧರೊಬ್ಬರನ್ನು ಕಂಡ ಕೂಡಲೇ ಇದು ಕುಡಿತದ ಫಲವೆಂದು ನಾವು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆವು. ಸರಿಯಾಗಿ ಕೇಳಲೂ ಇಲ್ಲ. ಎರಡು ದಿನ ಕಳೆದ ಮೇಲೆ ಅವರ ಮಗಳು ಬಂದು, ತಂದೆ ಆಯುಷ್ಯದಲ್ಲೇ ಮದ್ಯ ಮುಟ್ಟಿದವರಲ್ಲವೆಂದು ತಿಳಿಸಿದರು. ಕಾಯಿಲೆ ಬೇರೆಯೇ ಆಗಿತ್ತು. ಮುದುಕರು ಗುಣವಾಗಿ ಮನೆಗೆ ಹೋದರು, ನಮ್ಮ ಕೈ ಹಿಡಿದು ಕೃತಜ್ಞತೆಯನ್ನೂ ಹೇಳಿದರು. ಅದು ಇಂದಿಗೂ ಚುಚ್ಚುತ್ತದೆ. ರೋಗಿಯ ಪೂರ್ವವೃತ್ತಾಂತ ಕೇಳದೆ ಅವನ ಪ್ರಾಂತದ ಹೆಸರಿನಿಂದಲೇ ರೋಗ ನಿರ್ಧರಿಸುವುದು ಎಷ್ಟು ಸುಲಭವೆಂದು ಅಂದು ಗೊತ್ತಾಯಿತು. ಒಂದು ಇಡೀ ಜನಾಂಗದ ಮೇಲೆ ಇಂಥ ತಪ್ಪು ರೋಗನಿರ್ಣಯ ಬಿದ್ದಾಗ, ಅದರ ಪೂರ್ವವೃತ್ತಾಂತವನ್ನು ತಾಳ್ಮೆಯಿಂದ ಕೂತು ಬರೆದವರು ಆಲೂರು ವೆಂಕಟರಾಯರು.

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ಬಿಜಾಪುರದಲ್ಲಿ. ಇಂದು ಅದು ವಿಜಯಪುರ. ತಂದೆ ಭೀಮರಾಯರು ಸರ್ಕಾರಿ ನೌಕರಿಯಲ್ಲಿದ್ದವರು. ಆಗ ಕರ್ನಾಟಕ ಎಂಬ ಹೆಸರಿನ ರಾಜ್ಯ ಯಾವ ನಕಾಶೆಯಲ್ಲೂ ಇರಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ, 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ, ಗೆದ್ದವರು ತಮ್ಮ ಅನುಕೂಲಕ್ಕೆ ತಕ್ಕಂತೆ ಕನ್ನಡ ಸೀಮೆಯನ್ನು ಹಂಚಿಕೊಂಡಿದ್ದರು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಮುಂಬಯಿ ಪ್ರಾಂತಕ್ಕೆ. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಮದ್ರಾಸು ಪ್ರಾಂತಕ್ಕೆ. ಬೀದರ, ಗುಲ್ಬರ್ಗ, ರಾಯಚೂರು ನಿಜಾಮರಿಗೆ. ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿ. ಮೈಸೂರೂ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದು, 1881ರಲ್ಲಿ ಒಡೆಯರಿಗೆ ಮರಳಿತು. ಇವುಗಳ ನಡುವೆ ಸಂಡೂರು, ಮುಧೋಳ, ಜಮಖಂಡಿ, ಸವಣೂರು, ರಾಮದುರ್ಗ ಮೊದಲಾದ ಚಿಕ್ಕ ಸಂಸ್ಥಾನಗಳು ಬೇರೆ.

ಈ ಹಂಚಿಕೆಯ ಫಲ ಏನಾಯಿತೆಂದರೆ, ಪ್ರತಿಯೊಂದು ತುಂಡಿನಲ್ಲೂ ಕನ್ನಡಿಗ ಅಲ್ಪಸಂಖ್ಯಾತನಾದ, ಇಲ್ಲವೆ ಬಾಯಿಲ್ಲದವನಾದ. ನಿಜಾಮರ ಸೀಮೆಯಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಮದ್ರಾಸಿನಲ್ಲಿ ತಮಿಳು, ತೆಲುಗಿನವರ ಮುಂದೆ ಇವನು ಹಿಂದೆ. ಮುಂಬಯಿ ಪ್ರಾಂತದಲ್ಲಿ ಮರಾಠಿಯದೇ ಮೇಲುಗೈ. ಧಾರವಾಡ, ಬೆಳಗಾವಿಯಂಥ ಕನ್ನಡದ ಊರುಗಳಲ್ಲೇ ಶಾಲೆಯ ಕಲಿಕೆ ಬಹುಕಾಲ ಮರಾಠಿಯಲ್ಲಿ ನಡೆಯಿತು. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು, ರಸೆಲ್ ಎಂಬ ಆಂಗ್ಲ ಅಧಿಕಾರಿಯ ಬೆಂಬಲದಿಂದ, ಕನ್ನಡ ಶಾಲೆಗಳಿಗಾಗಿ ಹೆಣಗಬೇಕಾಯಿತು. ಮನೆಯಲ್ಲಿ ಕನ್ನಡ ಆಡುವವರೂ ಪತ್ರ, ಲೆಕ್ಕ, ನಾಟಕ, ಸಭೆ ಎಂದರೆ ಮರಾಠಿಯನ್ನೇ ಹಿಡಿಯುತ್ತಿದ್ದರು. ಕನ್ನಡ ಒಕ್ಕಲಿಗರ, ಅಡುಗೆಮನೆಯ ಮಾತು. ಓದಿದವರಿಗೆ ಒಪ್ಪುವಂಥದ್ದಲ್ಲ ಎಂಬ ಭಾವನೆ ಬೇರೂರಿತ್ತು. ಕನ್ನಡಿಗನಿಗೆ ಅಭಿಮಾನವಿಲ್ಲ, ಅವನು ಸಾಧು, ಮೆತ್ತಗಿನವನು, ಯಾರು ಬಂದರೂ ಬಗ್ಗುವವನು ಎಂಬ ಹಣೆಪಟ್ಟಿ ಅಂಟಿಕೊಂಡಿದ್ದು ಹೀಗೆ. ಹೊರಗಿನವರು ಹಾಗೆಂದರು ಎಂಬುದಕ್ಕಿಂತ, ನಾವೇ ಅದನ್ನು ನಂಬಿದೆವು ಎಂಬುದು ಹೆಚ್ಚಿನ ದುಃಖ. 1890ರ ಜುಲೈನಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಈ ಸ್ಥಿತಿಗೆ ಮೊದಲ ಮದ್ದು.

ಬಾಲಕ ವೆಂಕಟರಾಯ ಬೆಳೆದದ್ದು ಈ ವಾತಾವರಣದಲ್ಲೇ. ಹೆಚ್ಚಿನ ಓದಿಗೆ ಅವರು ಹೋದದ್ದು ಪುಣೆಯ ಫರ್ಗ್ಯುಸನ್ ಕಾಲೇಜಿಗೆ. 1903ರಲ್ಲಿ ಬಿ.ಎ., 1905ರಲ್ಲಿ ಕಾನೂನು ಪದವಿ. ಪುಣೆ ಆಗ ಲೋಕಮಾನ್ಯ ತಿಲಕರ ಊರು. ಗಣೇಶೋತ್ಸವ, ಶಿವಾಜಿ ಉತ್ಸವ, ಕೇಸರಿ ಪತ್ರಿಕೆ, ಇವುಗಳಿಂದ ತಿಲಕರು ಒಂದು ಜನವನ್ನೇ ಎಬ್ಬಿಸಿ ನಿಲ್ಲಿಸಿದ್ದರು. ತಿಲಕರಿಗೆ ಮನಸೋತ ಈ ಕನ್ನಡದ ಹುಡುಗನಿಗೆ ಅಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಮರಾಠಿಗರ ಅಭಿಮಾನ ಅವರ ರಕ್ತದಲ್ಲಿ ಬಂದದ್ದಲ್ಲ. ಇತಿಹಾಸದ ಪುಸ್ತಕ, ಪತ್ರಿಕೆ, ಉತ್ಸವ, ಸಂಘಗಳ ಮೂಲಕ ಜನ ಕೂಡಿ ಕಟ್ಟಿಕೊಂಡದ್ದು. ಹಾಗಿದ್ದರೆ ಕನ್ನಡಿಗನ ನಿರಭಿಮಾನವೂ ಅವನ ಹುಟ್ಟುಗುಣವಲ್ಲ. ಕಟ್ಟುವವರು ಬೇಕಾಗಿದ್ದರು, ಅಷ್ಟೆ.

ಆ ದಿನಗಳಲ್ಲೇ ಅವರು ಹಂಪಿ, ಆನೆಗೊಂದಿಗಳ ಕಡೆ ಹೋಗಿಬಂದರು. ಇಂದು ನಾವು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ವೆಂಕಟರಾಯರು ನೋಡಿದ ಹಂಪಿ ಮುಳ್ಳುಕಂಟಿ ಬೆಳೆದ ಹಾಳು ಪಟ್ಟಣ. ಒಂದು ಕಾಲದಲ್ಲಿ ಪೋರ್ಚುಗೀಸ್, ಪಾರಸಿ ಪ್ರವಾಸಿಗಳನ್ನು ಬೆರಗುಗೊಳಿಸಿದ್ದ ರಾಜಧಾನಿ ಇದು. ಅದನ್ನು ಆಳಿದವರ ನಾಡಿನ ಜನ ತಮ್ಮ ಭಾಷೆ ಆಡಲು ನಾಚುತ್ತಿದ್ದಾರೆ. ವಿರೂಪಾಕ್ಷನ ಸನ್ನಿಧಿಯಲ್ಲಿ ಅವರ ಮನಸ್ಸು ಕಲಕಿಹೋಯಿತು. ಆ ದಿನ ತಮಗೆ ಕರ್ನಾಟಕ ದೇವಿಯ ದರ್ಶನವೇ ಆಯಿತೆಂದು ಅವರು ಮುಂದೆ ಭಾವಿಸಿದರು. ನಮ್ಮಂಥ ವೈದ್ಯರು ದರ್ಶನದ ಮಾತಿಗೆ ಸುಲಭವಾಗಿ ತಲೆದೂಗುವುದಿಲ್ಲ. ಆದರೆ ಅದರ ಪರಿಣಾಮವನ್ನು ಅಲ್ಲಗಳೆಯಲಾಗದು. ಮನುಷ್ಯ ಹಿಂದಿರುಗಿದಾಗ ಬೇರೆಯಾಗಿದ್ದ.

ಧಾರವಾಡದಲ್ಲಿ ವಕೀಲಿ ಆರಂಭಿಸಿದರು. ಹಣ, ಮಾನ ಎರಡೂ ಬರುವ ವೃತ್ತಿ. ಅದರಲ್ಲಿ ಮನಸ್ಸು ನಿಲ್ಲಲಿಲ್ಲ, ಕ್ರಮೇಣ ಬಿಟ್ಟರು. 1906ರಲ್ಲಿ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. ಮುಂದಿನ ವರ್ಷ ವಿದ್ಯಾರಣ್ಯರ ಚರಿತ್ರೆ ಬರೆದರು. ಬೇರೆ ಬೇರೆ ಸರ್ಕಾರಗಳ ಕೆಳಗಿದ್ದು ಒಬ್ಬರ ಮುಖ ಒಬ್ಬರು ಕಾಣದ ಕನ್ನಡ ಗ್ರಂಥಕರ್ತರನ್ನು ಧಾರವಾಡದಲ್ಲಿ ಒಂದೆಡೆ ಸೇರಿಸಲು ಶ್ರಮಿಸಿದರು. 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲಕ್ಕಾಗಿ ದುಡಿದರು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಬೇಕಾದ ಹದ ಈ ಕೂಟಗಳಲ್ಲೇ ಸಿದ್ಧವಾಗಿತ್ತು. ಮನೆಯ ಲೆಕ್ಕ ನೋಡುವವರಿಗೆ ಇವೆಲ್ಲ ನಷ್ಟದ ಬಾಬತ್ತು. ಒಂದು ಸಂಘ ನಡೆಸುವುದೆಂದರೆ ಏನೆಂದು ಬಲ್ಲ ನಮ್ಮ ಕಾರ್ಯಕಾರಿ ಸಮಿತಿಯವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

1917ರಲ್ಲಿ ಕರ್ನಾಟಕ ಗತವೈಭವ ಪ್ರಕಟವಾಯಿತು. ಅವರ ಹೆಸರಿನೊಡನೆ ಇಂದಿಗೂ ನಿಂತಿರುವ ಪುಸ್ತಕ ಅದು. ಆ ಹೊತ್ತಿಗೆ ಫ್ಲೀಟ್, ಲೂಯಿ ರೈಸ್ ಮೊದಲಾದ ವಿದ್ವಾಂಸರು ಸಾವಿರಾರು ಶಾಸನಗಳನ್ನು ಓದಿ ಇಂಗ್ಲಿಷಿನಲ್ಲಿ ಅಚ್ಚುಹಾಕಿದ್ದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು 1898ರಲ್ಲಿ ಹೊರತಂದಿದ್ದರು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಆ ಗ್ರಂಥವೇ ಸಾರುತ್ತದೆ. ಇವೆಲ್ಲ ಪಂಡಿತರ ಕಪಾಟಿನಲ್ಲಿದ್ದವು. ವೆಂಕಟರಾಯರು ಮಾಡಿದ ಕೆಲಸವೆಂದರೆ ಈ ಸಾಮಗ್ರಿಯನ್ನು ಹೆಕ್ಕಿ, ಕನ್ನಡ ಶಾಲೆ ಕಲಿತ ಯಾರು ಬೇಕಾದರೂ ಓದಿ ಎದೆಯುಬ್ಬಿಸುವಂತೆ ಬರೆದದ್ದು. ಉತ್ತರದ ಹರ್ಷನನ್ನು ತಡೆದ ಪುಲಕೇಶಿ, ಎಲ್ಲೋರದ ಕೈಲಾಸವನ್ನು ಕೊರೆಸಿದ ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದ ರಾಯರು ಒಬ್ಬೊಬ್ಬರಾಗಿ ಪುಟಗಳಲ್ಲಿ ನಡೆದುಬಂದರು. ಮೆತ್ತಗಿನ ಜನವೆಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ. ಕನ್ನಡಿಗನ ರೋಗ ಹೇಡಿತನವಲ್ಲ, ಮರೆವು ಎಂಬುದು ಆ ಪುಸ್ತಕದ ತಾತ್ಪರ್ಯ.

ಆಗಲೇ ಒಂದು ಪ್ರಶ್ನೆ ಎದ್ದಿತು. ದೇಶವೆಲ್ಲ ಒಂದಾಗಿ ಬ್ರಿಟಿಷರನ್ನು ಎದುರಿಸಬೇಕಾದ ಹೊತ್ತಿನಲ್ಲಿ ಕರ್ನಾಟಕ ಎಂದು ಬೇರೆ ಧ್ವನಿ ಎತ್ತುವುದು ಸರಿಯೇ? ಹಾಗೆ ಕೇಳಿದವರು ಕಡಿಮೆ ಜನರಲ್ಲ, ಕಡಿಮೆಯವರೂ ಅಲ್ಲ. ವೆಂಕಟರಾಯರ ನಿಲುವು ಸರಳವಾಗಿತ್ತು. 1905ರಲ್ಲಿ ಬಂಗಾಳವನ್ನು ಎರಡು ಮಾಡಿದಾಗ ಇಡೀ ಭಾರತ ಕೆರಳಿತು; ಅದು ರಾಷ್ಟ್ರೀಯ ಹೋರಾಟವೆನಿಸಿತು. ಕರ್ನಾಟಕ ಅದಕ್ಕಿಂತ ಹೆಚ್ಚು ತುಂಡಾಗಿ ನೂರು ವರ್ಷವಾಗಿದ್ದರೂ ಕೇಳುವವರಿಲ್ಲ. ಬಂಗಾಳಿ ಬಂಗಾಳಿಯಾಗಿದ್ದುಕೊಂಡೇ ಭಾರತೀಯನಾಗಬಹುದಾದರೆ, ಕನ್ನಡಿಗನಿಗೇಕೆ ಬೇರೆ ನಿಯಮ? ಭಾರತವೆಂಬುದು ಪ್ರಾಂತಗಳನ್ನು ಅಳಿಸಿ ಬರುವ ವಸ್ತುವಲ್ಲ, ಪ್ರಾಂತಗಳ ಮೂಲಕ ಕಾಣುವ ವಸ್ತು ಎಂದು ಅವರು ನಂಬಿದರು. ಈ ನಂಬಿಕೆಗೆ ಅವರು ಕೊಟ್ಟ ಹೆಸರು ಕರ್ನಾಟಕತ್ವ. ಕನ್ನಡ ಭಾಷೆ ಅದರ ಒಂದು ಅಂಗ ಮಾತ್ರ. ನೆಲ, ಇತಿಹಾಸ, ಕಲೆ, ಧರ್ಮ, ಒಟ್ಟು ಬಾಳುವೆಯ ರೀತಿ ಎಲ್ಲ ಸೇರಿದ್ದು ಕರ್ನಾಟಕತ್ವ.

ಮಾತು ಸಂಘಟನೆಯಾಯಿತು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸಭೆ ಹುಟ್ಟಿತು. 1920ರಲ್ಲಿ ಅಲ್ಲಿಯೇ ಪ್ರಾಂತೀಯ ರಾಜಕೀಯ ಪರಿಷತ್ತು ನಡೆದಾಗ ಮೈಸೂರಿನ ಮಾಜಿ ದಿವಾನರಾದ ವಿ. ಪಿ. ಮಾಧವರಾಯರು ಅಧ್ಯಕ್ಷರಾದರು. ಅದೇ ವರ್ಷದ ಕೊನೆಗೆ ನಾಗಪುರ ಕಾಂಗ್ರೆಸ್ಸು ಭಾಷೆಗಳನ್ನು ಆಧರಿಸಿ ತನ್ನ ಪ್ರಾಂತ ಸಮಿತಿಗಳನ್ನು ರಚಿಸಿಕೊಂಡಿತು. ಕರ್ನಾಟಕಕ್ಕೂ ಒಂದು ಸಮಿತಿ ಸಿಕ್ಕಿತು. ಸರ್ಕಾರದ ನಕಾಶೆಯಲ್ಲಿಲ್ಲದ ಕರ್ನಾಟಕ ಕಾಂಗ್ರೆಸ್ಸಿನ ನಕಾಶೆಯಲ್ಲಿ ಮೊದಲು ಕಾಣಿಸಿಕೊಂಡಿತು. 1922ರಲ್ಲಿ ವೆಂಕಟರಾಯರು ಜಯಕರ್ನಾಟಕ ಮಾಸಪತ್ರಿಕೆ ಆರಂಭಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಏಕೀಕರಣ ಪರಿಷತ್ತೂ ಸೇರಿತು. ದೇಶದ ಪಂಕ್ತಿ, ನಾಡಿನ ಪಂಕ್ತಿ ಎರಡೂ ಒಂದೇ ಊರಿನಲ್ಲಿ ನಡೆದವು. 1928ರ ಮೋತಿಲಾಲ್ ನೆಹರೂ ವರದಿಯೂ ಕರ್ನಾಟಕ ಪ್ರಾಂತದ ಬೇಡಿಕೆಯನ್ನು ಒಪ್ಪಿತು. 1930ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಧಾರವಾಡದ ವೆಂಕಟರಾಯರೇ ಅಧ್ಯಕ್ಷರು. ಈ ಆಯ್ಕೆಗೆ ಅಂದು ಇದ್ದ ಅರ್ಥ ಇಂದು ನಮಗೆ ಸುಲಭವಾಗಿ ಹೊಳೆಯಲಾರದು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಮರಾಠಿಯ ಮೇಲುಗೈಯ ವಿರುದ್ಧ ಜೀವಮಾನವೆಲ್ಲ ಹೋರಾಡಿದ ಈ ಮನುಷ್ಯನೇ ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಮರಾಠಿಯಲ್ಲಿ ಬರೆದ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಆ ಮಹಾಗ್ರಂಥವನ್ನು ಅನುವಾದಿಸುವುದು ಸುಲಭದ ಕೆಲಸವಲ್ಲ. ಭಾಷೆಯ ಅಧಿಕಾರ ಬೇರೆ, ಭಾಷೆಯ ಸಂಪತ್ತು ಬೇರೆ ಎಂಬ ವಿವೇಕ ಅವರಲ್ಲಿತ್ತು. ನೆರೆಯವರನ್ನು ಹಳಿಯದೆ ತನ್ನತನ ಕಟ್ಟಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸ್ವಾತಂತ್ರ್ಯ ಬಂದಿತು; ಕರ್ನಾಟಕ ಬರಲಿಲ್ಲ. ದೇಶ ವಿಭಜನೆಯ ಗಾಯ ಹಸಿಯಾಗಿತ್ತು. 1948ರಲ್ಲಿ ನೇಮಕವಾದ ದರ್ ಆಯೋಗ, ಭಾಷೆಯ ಮೇಲೆ ಪ್ರಾಂತ ರಚಿಸುವುದು ದೇಶದ ಹಿತಕ್ಕಲ್ಲ ಎಂದಿತು. 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿಯವರ ಸಮಿತಿಯೂ ಆತುರ ಬೇಡವೆಂದಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ನಾಗಪುರದಲ್ಲಿ ಒಪ್ಪಿದ ಮಾತನ್ನು ಅಧಿಕಾರಕ್ಕೆ ಬಂದ ಮೇಲೆ ಅನುಮಾನದಿಂದ ನೋಡುವಂತಾಯಿತು. ಎಪ್ಪತ್ತರ ಹತ್ತಿರದ ವೆಂಕಟರಾಯರು ಕೈಚೆಲ್ಲಲಿಲ್ಲ. 1950ರಲ್ಲಿ ಕರ್ನಾಟಕತ್ವದ ಸೂತ್ರಗಳು ಎಂಬ ಪುಸ್ತಕದಲ್ಲಿ ತಮ್ಮ ವಿಚಾರವನ್ನು ಮತ್ತೆ ಒಪ್ಪವಾಗಿ ಮಂಡಿಸಿದರು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ತೀರಿಕೊಂಡ ಮೇಲೆ 1953ರಲ್ಲಿ ಆಂಧ್ರ ರಾಜ್ಯವಾಯಿತು. ಅದೇ ವರ್ಷ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತರು; ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಆ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು.

ಈಗ ಅಡ್ಡಿ ಬಂದದ್ದು ಹೊರಗಿನಿಂದಲ್ಲ, ಒಳಗಿನಿಂದ. ಹಳೆಯ ಮೈಸೂರಿನಲ್ಲಿ ಅನೇಕರಿಗೆ ಏಕೀಕರಣ ಬೇಡವಾಗಿತ್ತು. ಕನ್ನಂಬಾಡಿ, ಶಿವನಸಮುದ್ರ, ಭದ್ರಾವತಿ ಎಲ್ಲ ತಮ್ಮ ಸಂಸ್ಥಾನ ಬೆಳೆಸಿದ್ದು. ಮಳೆಯಿಲ್ಲದ, ಬಡ, ಹಿಂದುಳಿದ ಉತ್ತರದ ಜಿಲ್ಲೆಗಳನ್ನು ಕಟ್ಟಿಕೊಂಡರೆ ಇದ್ದದ್ದೂ ಹೋದೀತು ಎಂಬ ಭಯ. ಆ ಕಡೆಯ ಜನ ಒರಟರು, ಹೊಂದಿಕೊಳ್ಳಲಾರರು ಎಂಬ ಮಾತು. ಇದರ ಹಿಂದೆ ಒಕ್ಕಲಿಗ, ಲಿಂಗಾಯತ ಸಂಖ್ಯಾಬಲದ ಲೆಕ್ಕಾಚಾರವೂ ಇತ್ತು. ಉತ್ತರದವರಲ್ಲಿ, ಮೈಸೂರಿನವರು ನಯವಂಚಕರು, ಕಚೇರಿಗಳನ್ನೆಲ್ಲ ತಾವೇ ತುಂಬಿಕೊಳ್ಳುತ್ತಾರೆ ಎಂಬ ಸಂಶಯ. ಎರಡು ಕನ್ನಡ ರಾಜ್ಯಗಳಾಗಲಿ ಎಂಬ ಸಲಹೆಯೂ ಆಯೋಗದ ಮುಂದಿತ್ತು. ನಮ್ಮ ಊಟದ ಸಾಲಿನ ಹಾಸ್ಯ ಅಂದು ಗಂಭೀರ ರಾಜಕೀಯ ವಾದವಾಗಿತ್ತು ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ಅಷ್ಟಾದರೂ ಮೈಸೂರಿನವರೇ ಆದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು, ತಮ್ಮ ಸ್ಥಾನ ಅಲುಗಾಡುವ ಸಂಭವವಿದ್ದರೂ, ಏಕೀಕರಣದ ಪರ ನಿಂತರು. ಕುವೆಂಪು ಅವರಂಥ ಸಾಹಿತಿಗಳು ದನಿಯೆತ್ತಿದರು. ಆಯೋಗ 1955ರಲ್ಲಿ ಒಂದೇ ಕನ್ನಡ ರಾಜ್ಯವನ್ನು ಶಿಫಾರಸು ಮಾಡಿತು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ರಾಜ್ಯ ಉದಯವಾದಾಗ ಎಪ್ಪತ್ತಾರರ ವೆಂಕಟರಾಯರು ಹಂಪಿಗೆ ಹೋಗಿ, ವಿರೂಪಾಕ್ಷನ ಗುಡಿಯಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ತಾರುಣ್ಯದಲ್ಲಿ ಎಲ್ಲಿ ಕಣ್ಣೀರು ಬಂದಿತ್ತೋ ಅಲ್ಲಿಗೇ ಕೃತಜ್ಞತೆ ಹೇಳಲು ಹೋದರು. ಕಾಸರಗೋಡು ಕೇರಳಕ್ಕೆ ಸೇರಿತ್ತು. ಬೇರೆ ಕೆಲವು ಗಡಿಭಾಗಗಳೂ ಹೊರಗುಳಿದಿದ್ದವು. ರಾಜ್ಯದ ಹೆಸರು ಕರ್ನಾಟಕ ಆಗಿರಲಿಲ್ಲ. ಆ ಹೆಸರು ಬಂದದ್ದು 1973ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಅದನ್ನು ನೋಡಲು ವೆಂಕಟರಾಯರು ಇರಲಿಲ್ಲ. 1964ರ ಫೆಬ್ರವರಿ 25ರಂದು ಅವರು ತೀರಿಕೊಂಡಿದ್ದರು. ಜನ ಪ್ರೀತಿಯಿಂದ ಕೊಟ್ಟ ಕನ್ನಡ ಕುಲಪುರೋಹಿತ ಎಂಬ ಹೆಸರು ಉಳಿಯಿತು.

ಹಿರಿಯರನ್ನು ನೆನೆಯುವಾಗ ಆರತಿಯಷ್ಟೇ ಎತ್ತಿದರೆ ಸಾಲದು. ಅವರು ಕಟ್ಟಿದ ಮನೆಯಲ್ಲಿ ಯಾರಿಗೆ ಜಾಗ ಸಾಲದಾಯಿತು ಎಂಬುದನ್ನೂ ನೋಡಬೇಕು. ಗತವೈಭವದಲ್ಲಿ ಹೆಚ್ಚಾಗಿ ಮೆರೆಯುವವರು ಅರಸರು. ಉತ್ತವರು, ಬಿತ್ತವರು, ಕಲ್ಲು ಹೊತ್ತವರು ಹಿಂದೆ ಸರಿಯುತ್ತಾರೆ. ವೆಂಕಟರಾಯರು ಹುಟ್ಟಿದ ಊರಿನಲ್ಲೇ ಗೋಲಗುಮ್ಮಟವಿದೆ. ಅದನ್ನು ಕಟ್ಟಿಸಿದ ಆದಿಲಶಾಹಿಗಳೂ ಇನ್ನೂರು ವರ್ಷ ಈ ನೆಲದಲ್ಲೇ ಬಾಳಿದವರು. ಆದರೆ ವೈಭವದ ಆ ಕಥೆಯ ನಾಯಕರಲ್ಲಿ ಅವರಿಲ್ಲ. ತುಳು, ಕೊಡವ, ಕೊಂಕಣಿ, ಬ್ಯಾರಿ, ದಖನಿ ಮನೆಮಾತಿನವರು ತಾವು ಎಷ್ಟು ಕನ್ನಡಿಗರು ಎಂದು ಕೇಳಿದರೆ ಅದಕ್ಕೂ ಉತ್ತರ ಬೇಕು. ಒಂದು ಹಣೆಪಟ್ಟಿಯನ್ನು ಕಿತ್ತುಹಾಕಲು ಕಟ್ಟಿದ ಗುರುತು, ಎಚ್ಚರ ತಪ್ಪಿದರೆ, ಇನ್ನೊಬ್ಬರ ಹಣೆಗೆ ಪಟ್ಟಿ ಅಂಟಿಸುತ್ತದೆ. ಸೋತು ಕೂತ ಜನವನ್ನು ಎಬ್ಬಿಸಲು ಅಂದು ಆ ಮದ್ದು ಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ಆದರೆ ಯಾವ ಮದ್ದನ್ನೂ ಅದೇ ಪ್ರಮಾಣದಲ್ಲಿ ಜೀವಮಾನವಿಡೀ ಕೊಡುವುದಿಲ್ಲ.

ನಾಡು ಒಂದಾದ ಮಾತ್ರಕ್ಕೆ ಒಳಗಿನ ಅಂತರ ಅಳಿಯಲಿಲ್ಲ ಎಂಬುದೂ ನಿಜ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಂತೆ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಆದರೆ ಉಳಿದ 13 ದಕ್ಷಿಣದವು ಎಂಬುದನ್ನೂ ಆ ಪಟ್ಟಿಯೇ ಹೇಳುತ್ತದೆ. ನಿಜಾಮರ ಆಳ್ವಿಕೆಯಲ್ಲಿದ್ದ ಜಿಲ್ಲೆಗಳಿಗಾಗಿ ಸಂವಿಧಾನಕ್ಕೆ 371 (ಜೆ) ವಿಧಿ ಸೇರಿ 2013ರಲ್ಲಿ ಜಾರಿಗೆ ಬಂತು. ಉತ್ತರದ ಜನ ಹೀಗೆ, ದಕ್ಷಿಣದ ಜನ ಹಾಗೆ ಎನ್ನುವ ಮಾತಿಗೂ, ಯಾವ ತಾಲ್ಲೂಕಿನಲ್ಲಿ ಎಷ್ಟು ಶಾಲೆ, ಎಷ್ಟು ಆಸ್ಪತ್ರೆ, ಎಷ್ಟು ನೀರಾವರಿ ಎಂದು ಲೆಕ್ಕ ಹಾಕುವ ಮಾತಿಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಮೊದಲನೆಯದು ಜನರ ಗುಣವನ್ನು ದೂರುತ್ತದೆ. ಎರಡನೆಯದು ಕಾರಣ ಹುಡುಕಿ ಚಿಕಿತ್ಸೆಗೆ ದಾರಿ ಮಾಡುತ್ತದೆ.

ಈ ದೂರದ ದೇಶದಲ್ಲಿ ನಮ್ಮ ಸ್ಥಿತಿ ವಿಚಿತ್ರ. ಊರಿನಲ್ಲಿದ್ದಾಗ ಹುಬ್ಬಳ್ಳಿಯವರು, ಹಾಸನದವರು ಎನಿಸಿಕೊಂಡಿದ್ದ ನಾವು ಕನ್ನಡಿಗರಾದದ್ದು ಇಲ್ಲಿಗೆ ಬಂದ ಮೇಲೆ. ಭಾರತೀಯರು ಎಂಬ ಅರಿವು ಗಟ್ಟಿಯಾದದ್ದೂ ಇಲ್ಲಿಯೇ. ಇಲ್ಲೇ ಹುಟ್ಟಿದ ನಮ್ಮ ಮಗಳು ಹೋದ ವರ್ಷ ರಾಜ್ಯೋತ್ಸವದಿಂದ ಮನೆಗೆ ಬರುವಾಗ, ತಾನು ಅಮೆರಿಕನ್ನಳೋ ಇಂಡಿಯನ್ನಳೋ ಕನ್ನಡದವಳೋ ಎಂದು ಕೇಳಿದಳು. ಮೂರೂ ಹೌದು ಎಂದೆವು. ಅವಳಿಗೆ ಅದು ಜಾಣ ಉತ್ತರವೆನಿಸಿತೇ ಹೊರತು ನಂಬಿಕೆ ಬರಲಿಲ್ಲ. ಆಗ ನೆನಪಾದವರು ಆಲೂರು ವೆಂಕಟರಾಯರು. ಒಂದು ಗುರುತು ಇನ್ನೊಂದನ್ನು ನುಂಗಬೇಕಿಲ್ಲ ಎಂದು ತೋರಿಸಲು ಅವರಿಗೆ ಐವತ್ತು ವರ್ಷ ಬೇಕಾಯಿತು. ಕಾರಿನಲ್ಲಿ ಕೂತು ಒಂದೇ ಮಾತಿನಲ್ಲಿ ಒಪ್ಪಿಸುತ್ತೇವೆ ಎಂದುಕೊಂಡದ್ದು ನಮ್ಮದೇ ಆತುರ.

ಅವರು ಕಟ್ಟಿದ್ದು ಪತ್ರಿಕೆ, ಪುಸ್ತಕ, ಸಭೆ, ಸಂಘಗಳಿಂದ. ನಮ್ಮ ಕೈಯಲ್ಲಿರುವುದೂ ಅವೇ. ವರ್ಷಕ್ಕೊಮ್ಮೆ ಬರುವ ಈ ಸಂಚಿಕೆ, ಭಾನುವಾರದ ಕನ್ನಡ ಕಲಿ ತರಗತಿ, ಬಾಡಿಗೆಯ ಸಭಾಂಗಣದ ನಾಟಕ. ಹೊಸದಾಗಿ ಬಂದ ಕುಟುಂಬವೊಂದು ಬಾಗಿಲಲ್ಲಿ ಸಂಕೋಚದಿಂದ ನಿಂತಾಗ ನಾವು ಮೊದಲು ಕೇಳುವುದು ಯಾವ ಕಡೆಯವರು ಎಂದು. ಕೇಳುವುದು ತಪ್ಪಲ್ಲ. ಉತ್ತರ ಬಂದ ಕೂಡಲೇ ಎಲ್ಲ ತಿಳಿಯಿತೆಂದುಕೊಳ್ಳದೆ, ಕುರ್ಚಿ ಎಳೆದು ಕೂರಿಸಿ, ಅವರ ಊರಿನ ಕಥೆ ಕೇಳೋಣ. ಸಂಘದ ಮುಂದಿನ ಊಟಕ್ಕೆ ಅವರ ಊರಿನ ಅಡುಗೆಯನ್ನೇ ಮಾಡಿ ತರಲು ಹೇಳೋಣ. ಸಂಘದ ಸಮಸ್ತ ಬಂಧುಗಳಿಗೂ ಸಂಸ್ಥಾಪನಾ ದಿನದ ಶುಭಾಶಯಗಳು.